ಸಾವಯವ ಹತ್ತಿಯ ಅಂಗಿಗೆ ಜಾಸ್ತಿ ದುಡ್ಡು ಕೊಡಬೇಕಾ?

ಪ್ರಶ್ನೆ: ಮಗುವಿಗೆ ಸಾವಯವ ಹತ್ತಿಯ ಅಂಗಿ ನೋಡಿದೆವು. ಮಾಮೂಲಿ ಅಂಗಿಯ ಎರಡರಷ್ಟು ಬೆಲೆ. ಮಣ್ಣು ಉಳಿಯುತ್ತದೆ, ನೀರು ಉಳಿಯುತ್ತದೆ ಅಂತ ಲೇಬಲ್ಲಿನಲ್ಲಿ ಬರೆದಿತ್ತು. ಇದು ನಿಜಾನಾ, ಸುಮ್ನೆ ಮಾರಾಟದ ಮಾತಾ?

ಉತ್ತರ: ಮಣ್ಣಿನ ಮಾತು ನಿಜ. ನೀರಿನ ಮಾತನ್ನು ಮಾತ್ರ ಕಣ್ಣು ಮುಚ್ಚಿ ನಂಬಬೇಡಿ.

ಸಾವಯವ ಹತ್ತಿಗೆ ರಾಸಾಯನಿಕ ಗೊಬ್ಬರ ಹಾಕುವಂತಿಲ್ಲ, ರಾಸಾಯನಿಕ ಕೀಟನಾಶಕ ಹೊಡೆಯುವಂತಿಲ್ಲ, ಬಿಟಿ ಬೀಜ, ಅಂದರೆ ಹುಳ ತಡೆಯಲೆಂದು ವಂಶವಾಹಿ ಬದಲಿಸಿದ ಬೀಜ, ಬಿತ್ತುವಂತಿಲ್ಲ. ಹಾಗಾಗಿ ಮಣ್ಣಿಗೆ ಆ ರಾಸಾಯನಿಕ ಸೇರುವುದಿಲ್ಲ. ಇದರ ಲಾಭ ಅಂಗಿ ತೊಡುವವರಿಗಿಂತ ಹೊಲದಲ್ಲಿ ದುಡಿಯುವವರಿಗೇ ಜಾಸ್ತಿ. ಬೆನ್ನಿಗೆ ಪಂಪು, ಮೂಗಿಗೆ ಟವೆಲ್ಲು ಕಟ್ಟಿಕೊಂಡು ಎದೆಮಟ್ಟದ ಗಿಡಗಳ ನಡುವೆ ಕೀಟನಾಶಕ ಹೊಡೆಯುವವರನ್ನು ನೀವೂ ನೋಡಿರುತ್ತೀರಿ. ಗಾಳಿ ತಿರುಗಿದರೆ ಅದು ನೇರ ಮೈಮೇಲೇ ಬೀಳುತ್ತದೆ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ್ ಜಿಲ್ಲೆಯಲ್ಲಿ ಹೀಗೆ ವಿಷವೇರಿ ಸುಮಾರು 20 ಮಂದಿ ರೈತರು, ಕೂಲಿಯವರು ಸತ್ತರು. ಸಾವಯವ ಹತ್ತಿಗೆ ಬೆಲೆ ಕೊಡಲು ನನಗಂತೂ ಈ ಒಂದು ಕಾರಣವೇ ಸಾಕು.

ಇನ್ನು ನೀರು. 'ಸಾವಯವ ಹತ್ತಿಗೆ 91 ಶೇಕಡ ಕಡಿಮೆ ನೀರು ಸಾಕು' ಅಂತ ಬಹಳ ಕಂಪನಿಗಳು ಹೇಳಿಕೊಂಡು ಬಂದಿವೆ. ಇದರ ಮೂಲ 2014ರ ಒಂದು ಅಧ್ಯಯನ. ಅದರಲ್ಲಿ ಲೆಕ್ಕಕ್ಕೆ ತೆಗೆದುಕೊಂಡ ಸಾವಯವ ಹೊಲಗಳು ಹೆಚ್ಚಾಗಿ ಮಳೆಯನ್ನೇ ನಂಬಿದವು. ಹೋಲಿಸಿದ್ದು ನೀರಾವರಿ ಜಮೀನೂ ಸೇರಿದ ಮಾಮೂಲಿ ಹತ್ತಿಯ ಜೊತೆ. ವ್ಯತ್ಯಾಸ ಬರದೇ ಇರುತ್ತಾ? ಕಾಲುವೆ ಕೆಳಗೆ ಬೆಳೆದರೆ ಸಾವಯವ ಹತ್ತಿಯೂ ನೀರು ಕುಡಿಯುತ್ತದೆ. ಕುಂದಗೋಳ, ಗದಗ ಕಡೆಯ ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಜಯಧರ್‌ನಂಥ ಜವಾರಿ ಹತ್ತಿಯನ್ನು ಮುಂಗಾರಿನ ಕೊನೆಗೆ ಬಿತ್ತುತ್ತಾರೆ. ಅದರ ಬೇರು ಆಳಕ್ಕೆ ಇಳಿಯುತ್ತದೆ. ಮಣ್ಣಲ್ಲಿ ಉಳಿದ ತೇವದಲ್ಲೇ ಬೆಳೆದು ಬೇಸಿಗೆ ಶುರುವಾಗುವ ಹೊತ್ತಿಗೆ ಬಿಡಿಸಲು ಬರುತ್ತದೆ. ಅಂದರೆ ನೀರು ಉಳಿಸುವುದು ತಳಿ ಮತ್ತು ಜಾಗ, ಸಾವಯವ ಅನ್ನುವ ಸರ್ಟಿಫಿಕೇಟ್ ಅಲ್ಲ.

ಇಳುವರಿ ಕಡಿಮೆ ಅಲ್ವಾ ಅಂತಲೂ ಕೇಳುತ್ತಾರೆ. ಮಧ್ಯಪ್ರದೇಶದ ನಿಮಾಡ್ ಸೀಮೆಯಲ್ಲಿ 2007ರಲ್ಲಿ ಶುರುವಾದ ಪ್ರಯೋಗದಲ್ಲಿ ಮೊದಲ ಎರಡು ವರ್ಷ ಸಾವಯವ ಹತ್ತಿ 29 ಶೇಕಡ ಕಡಿಮೆ ಬಂತು. ಮುಂದಿನ ಎರಡು ವರ್ಷದಲ್ಲಿ ರಾಸಾಯನಿಕ ಹೊಲದ ಇಳುವರಿಯೇ ಕುಸಿದು ಎರಡೂ ಹೆಚ್ಚುಕಡಿಮೆ ಸಮವಾದವು. ಸಾವಯವದಲ್ಲಿ ಖರ್ಚು ಕಡಿಮೆ, ಹಾಗಾಗಿ ಕೈಗೆ ಉಳಿದದ್ದು ಜಾಸ್ತಿ. ರೈತನಿಗೆ ಕಷ್ಟ ಆ ಮೊದಲ ವರ್ಷಗಳದ್ದೇ. ಇಳುವರಿ ಇಳಿದಿರುತ್ತದೆ, ಸಾವಯವ ಅಂತ ಮಾರಲು ಸರ್ಟಿಫಿಕೇಟ್ ಕೂಡ ಇನ್ನೂ ಬಂದಿರುವುದಿಲ್ಲ.

ಹೊಲ ಚೆನ್ನಾಗಿದ್ದ ಮಾತ್ರಕ್ಕೆ ಬಟ್ಟೆ ಚೆನ್ನಾಗಿರಬೇಕೆಂದೇನಿಲ್ಲ. ತಮಿಳುನಾಡಿನ ತಿರುಪ್ಪೂರಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳ ನೀರು ನೊಯ್ಯಲ್ ನದಿಯನ್ನು ಎಷ್ಟು ಹಾಳು ಮಾಡಿತ್ತು ಅಂದರೆ 2011ರಲ್ಲಿ ಮದ್ರಾಸ್ ಹೈಕೋರ್ಟ್ ಅವುಗಳನ್ನು ಮುಚ್ಚಿಸಬೇಕಾಯಿತು. ಅಂಥ ಕಡೆ ಬಣ್ಣಕ್ಕೆ ಅದ್ದಿದರೆ ಹತ್ತಿ ಸಾವಯವ ಆಗಿದ್ದರೂ ನದಿಗೆ ಅದರಿಂದೇನೂ ಉಪಕಾರವಿಲ್ಲ. ಆದ್ದರಿಂದ ಲೇಬಲ್ಲಿನ ಅಕ್ಷರ ನೋಡಿ. ಓಸಿಎಸ್ (OCS, ಆರ್ಗ್ಯಾನಿಕ್ ಕಂಟೆಂಟ್ ಸ್ಟ್ಯಾಂಡರ್ಡ್) ಅಂತಿದ್ದರೆ ಬಟ್ಟೆಯಲ್ಲಿ ಎಷ್ಟು ಸಾವಯವ ಹತ್ತಿ ಇದೆ ಅನ್ನುವುದಕ್ಕಷ್ಟೇ ಖಾತ್ರಿ. ಗಾಟ್ಸ್ (GOTS, ಗ್ಲೋಬಲ್ ಆರ್ಗ್ಯಾನಿಕ್ ಟೆಕ್ಸ್‌ಟೈಲ್ ಸ್ಟ್ಯಾಂಡರ್ಡ್) ಅಂತಿದ್ದರೆ ಬಣ್ಣ, ಕೊಳಕು ನೀರಿನ ಸಂಸ್ಕರಣೆ, ಕಾರ್ಮಿಕರ ಸ್ಥಿತಿಗೂ ನಿಯಮಗಳಿವೆ. ಅದರಲ್ಲಿ 'ಆರ್ಗ್ಯಾನಿಕ್' ದರ್ಜೆಗೆ ಕನಿಷ್ಠ 95 ಶೇಕಡ ಸಾವಯವ ನಾರು ಇರಬೇಕು. ಆದರೂ ಮೋಸ ನಡೆದೇ ಇಲ್ಲ ಅನ್ನುವಂತಿಲ್ಲ. 2020ರಲ್ಲಿ ನಮ್ಮ ದೇಶದಲ್ಲೇ ಸುಳ್ಳು ಕಾಗದಪತ್ರ ಇಟ್ಟುಕೊಂಡ ಸುಮಾರು 20,000 ಟನ್ ಹತ್ತಿಯನ್ನು ಗಾಟ್ಸ್ ಸಂಸ್ಥೆಯೇ ಪತ್ತೆ ಹಚ್ಚಿತು. ಆದ್ದರಿಂದ ಲೇಬಲ್ಲಿನಲ್ಲಿರುವ ಲೈಸೆನ್ಸ್ ನಂಬರನ್ನು ಗಾಟ್ಸ್ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ಎರಡು ನಿಮಿಷದ ಕೆಲಸ. ಎರಡು ಪಟ್ಟು ಬೆಲೆ ಕೇಳುವ ಅಂಗಡಿಯವರು ಹತ್ತಿ ಎಲ್ಲಿಯದು ಅಂತ ಹೇಳಲು ತಯಾರಿಲ್ಲದಿದ್ದರೆ ಬಿಟ್ಟುಬಿಡಿ.

ಇಷ್ಟಾಗಿಯೂ ದೊಡ್ಡ ಗಂಟು ಉಳಿದಿರುವುದು ಬೀಜದಲ್ಲಿ. ಬಿಟಿ ಹತ್ತಿಗೆ 2002ರಲ್ಲಿ ಒಪ್ಪಿಗೆ ಸಿಕ್ಕಿತು. ಈಗ ದೇಶದ ಹತ್ತಿ ಹೊಲಗಳಲ್ಲಿ 90 ಶೇಕಡಕ್ಕೂ ಜಾಸ್ತಿ ಅದೇ. ಬಿಟಿ ಅಲ್ಲದ ಬೀಜ ಬೇಕು ಅಂದರೆ ರೈತ ಊರೂರು ಹುಡುಕಬೇಕು. ಸಿಕ್ಕರೂ ಪಕ್ಕದ ಹೊಲದ ಪರಾಗ ಬೆರೆಯುತ್ತದೆ, ಹತ್ತಿಯಿಂದ ಬೀಜ ಬೇರೆ ಮಾಡುವ ಜಿನ್ನಿಂಗ್ ಮಿಲ್ಲಿನಲ್ಲೂ ಬೆರೆಯುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಬಣ್ಣವೇ ಬೇಡದ ಕಂದು ಹತ್ತಿಯ ತಳಿಗಳನ್ನು ಕೂಡ ರೂಪಿಸಿದೆ. ಆದರೆ ಮಿಲ್ಲುಗಳು ಕೇಳುವುದು ಉದ್ದ ಎಳೆಯ ಬಿಳಿ ಹತ್ತಿ. ಎಳೆ ಗಿಡ್ಡ ಅಂತ ಜವಾರಿ ಹತ್ತಿಗೆ ಬೆಲೆ ಇಳಿಸುತ್ತಾರೆ. ಸಾವಯವ ಅಂತ ಹೆಸರು ಮಾಡುವ ಬಟ್ಟೆ ಕಂಪನಿಗಳು ಬೀಜಕ್ಕೆ ದುಡ್ಡು ಹಾಕಬೇಕು, ಬಿತ್ತುವ ಮೊದಲೇ ರೇಟು ಮಾತಾಡಬೇಕು, ಮೊದಲ ವರ್ಷಗಳ ನಷ್ಟದಲ್ಲೂ ಪಾಲು ತೆಗೆದುಕೊಳ್ಳಬೇಕು. ಈಗ ಅದೆಲ್ಲ ರೈತನ ತಲೆ ಮೇಲೇ ಇದೆ.