ಸೆಕೆಂಡ್ ಹ್ಯಾಂಡ್ ಪಿಸಿ: ಡಿಸ್‌ಪ್ಲೇ ಬರದಿದ್ದರೆ, ನಡುವೆ ಆಫ್ ಆದರೆ ಎಲ್ಲಿಂದ ಹುಡುಕಬೇಕು

ಶಿವಮೊಗ್ಗದ ಕಡೆ ಹಾರ್ಡ್‌ವೇರ್ ಕಲಿಯುವವರ ಮೊದಲ ಪಿಸಿ ಹೊಸದಾಗಿರುವುದು ಕಡಿಮೆ. ಮದರ್‌ಬೋರ್ಡ್ ಯಾವುದೋ ಆಫೀಸಿನ ಹಳೇ ಮಷಿನ್ನಿನದು, ಗ್ರಾಫಿಕ್ಸ್ ಕಾರ್ಡ್ ಬೆಂಗಳೂರಿನ ಎಸ್‌.ಪಿ. ರೋಡಿನದು, ರ‍್ಯಾಮ್ ಗೆಳೆಯ ಕೊಟ್ಟದ್ದು. ಇಂಥ ಪಿಸಿ ಕೈಕೊಟ್ಟಾಗ ತೊಂದರೆ ಕಾಣುವ ಜಾಗ ಒಂದು, ಇರುವ ಜಾಗ ಇನ್ನೊಂದು. ಡಿಸ್‌ಪ್ಲೇ ಇಲ್ಲ ಅಂದರೆ ಬಹಳ ಸಲ ರ‍್ಯಾಮ್ ಕಾರಣ. ಗೇಮ್ ಆಡುವಾಗ ಆಫ್ ಆದರೆ ಬಹಳ ಸಲ ಪಿಸಿಗೆ ಕರೆಂಟ್ ಕೊಡುವ ಪೆಟ್ಟಿಗೆ, ಅಂದರೆ ಎಸ್‌ಎಂಪಿಎಸ್ ಕಾರಣ. ಎರಡಕ್ಕೂ ಎಲ್ಲರೂ ಬೈಯುವುದು ಮಾತ್ರ ಗ್ರಾಫಿಕ್ಸ್ ಕಾರ್ಡಿಗೆ!

ಮೊದಲು ಡಿಸ್‌ಪ್ಲೇ ನೋಡೋಣ. ಫ್ಯಾನ್ ತಿರುಗುತ್ತದೆ, ಲೈಟ್ ಉರಿಯುತ್ತದೆ, ಮಾನಿಟರ್ ಮಾತ್ರ 'ನೋ ಸಿಗ್ನಲ್' ಅನ್ನುತ್ತದೆ. ಫ್ಯಾನ್ ತಿರುಗಿತು ಅಂತ ಬೋರ್ಡ್ ಸರಿಯಿದೆ ಅಂದುಕೊಳ್ಳಬೇಡಿ. ಅದಕ್ಕೆ 12 ವೋಲ್ಟ್ ಸಿಕ್ಕಿದೆ, ಅಷ್ಟೇ. ಪ್ರೊಸೆಸರ್ ಪಕ್ಕದ 4 ಅಥವಾ 8 ಪಿನ್ನಿನ ಪವರ್ ವೈರ್ ಹಾಕದಿದ್ದರೂ ಫ್ಯಾನ್ ಆರಾಮಾಗಿ ತಿರುಗಬಹುದು. ಆಮೇಲೆ ಮಾನಿಟರ್ ಕೇಬಲ್ ನೋಡಿ. ಕಾರ್ಡ್ ಹಾಕಿದ್ದರೆ ಕೇಬಲ್ ಕಾರ್ಡಿಗೇ ಇರಬೇಕು. 'ಕಾರ್ಡ್ ತೆಗೆದು ಬೋರ್ಡಿನಿಂದಲೇ ನೋಡೋಣ' ಅನ್ನುವ ಉಪಾಯ ಎಲ್ಲ ಪ್ರೊಸೆಸರಿಗೂ ನಡೆಯುವುದಿಲ್ಲ. ಐ5-9400ಎಫ್ ಥರ ಕೊನೆಗೆ ಎಫ್ ಇರುವ ಇಂಟೆಲ್ ಪ್ರೊಸೆಸರುಗಳಲ್ಲಿ, ರೈಜೆನ್ 5 3600ರಲ್ಲಿ ಒಳಗೆ ಗ್ರಾಫಿಕ್ಸ್ ಇರುವುದೇ ಇಲ್ಲ, ಹಾಗಾಗಿ ಎಲ್ಲ ಸರಿಯಿದ್ದರೂ ಪರದೆ ಕಪ್ಪಾಗೇ ಇರುತ್ತದೆ.

ಹಳೇ ಸಾಮಾನಿನಲ್ಲಿ ಇನ್ನೊಂದು ಬಲೆ ಇದೆ. ಸಾಕೆಟ್‌ನಲ್ಲಿ ಕೂತಿತು ಅಂದ ಮಾತ್ರಕ್ಕೆ ಪ್ರೊಸೆಸರ್ ಹೊಂದಿತು ಅಂತಲ್ಲ. ಎಚ್110 ಬೋರ್ಡ್ ಮತ್ತು ಇಂಟೆಲ್ 8ನೇ ತಲೆಮಾರಿನ ಪ್ರೊಸೆಸರ್ ಎರಡಕ್ಕೂ ಸಾಕೆಟ್ ಹೆಸರು ಎಲ್‌ಜಿಎ 1151, ಆದರೆ ಜೋಡಿಸಿದರೆ ಕೆಲಸ ಮಾಡುವುದಿಲ್ಲ. ಬಿ450 ಬೋರ್ಡಿಗೆ ರೈಜೆನ್ 5000 ಸರಣಿ ಹಾಕಬೇಕಾದರೆ ಮೊದಲು ಬಯಾಸ್, ಅಂದರೆ ಬೋರ್ಡನ್ನು ಶುರು ಮಾಡುವ ಒಳಗಿನ ಸಾಫ್ಟ್‌ವೇರ್, ಹೊಸದಾಗಬೇಕು. ಮಾರಿದವರು ಮೋಸ ಮಾಡಿದರು ಅಂತ ಜಗಳಕ್ಕೆ ಹೋಗುವ ಮುಂಚೆ ಯಾವ ಪ್ರೊಸೆಸರ್ ಹೊಂದುತ್ತದೆ ಅನ್ನುವ ಬೋರ್ಡ್ ಕಂಪನಿಯ ಪಟ್ಟಿ ನೋಡಿ.

ಇಷ್ಟೆಲ್ಲ ಸರಿಯಿದ್ದರೆ ರ‍್ಯಾಮ್. ಮಲೆನಾಡಿನಲ್ಲಿ ನಾನು ಇದಕ್ಕೆ ಜಾಸ್ತಿ ತೂಕ ಕೊಡುತ್ತೇನೆ. ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆ ಮಳೆಗಾಲದಲ್ಲಿ ಒಗೆದ ಬಟ್ಟೆಯೇ ವಾರಗಟ್ಟಲೆ ಒಣಗುವುದಿಲ್ಲ, ಇನ್ನು ತಿಂಗಳುಗಟ್ಟಲೆ ಆನ್ ಮಾಡದೆ ಮೂಲೆಯಲ್ಲಿಟ್ಟ ಪಿಸಿಯ ಪಿನ್ನುಗಳ ಮೇಲೆ ಮಬ್ಬು ಕೂರದೆ ಇರುತ್ತದಾ? ವೈರ್ ಪ್ಲಗ್ಗಿನಿಂದ ತೆಗೆದು, ರ‍್ಯಾಮ್ ಕಿತ್ತು, ಅದರ ಚಿನ್ನದ ಬಣ್ಣದ ಪಿನ್ನುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ. ಐಸೊಪ್ರೊಪೈಲ್ ಆಲ್ಕೋಹಾಲ್ ಇದ್ದರೆ ಇನ್ನೂ ಒಳ್ಳೆಯದು. ರಬ್ಬರಿನ ಪುಡಿ ಸ್ಲಾಟಿಗೆ ಬೀಳಬಾರದು. ಆಮೇಲೆ ಒಂದೇ ಸ್ಟಿಕ್ ಹಾಕಿ, ಎರಡೂ ಕಡೆ ಟಕ್ ಅನ್ನುವ ತನಕ ಒತ್ತಿ, ಸ್ಲಾಟ್ ಬದಲಿಸಿ ಬದಲಿಸಿ ನೋಡಿ.

ಆಗಲೂ ಬರಲಿಲ್ಲವಾ? ಎಲ್ಲ ಬಿಚ್ಚಿ. ರಟ್ಟಿನ ಮೇಲೆ ಬೋರ್ಡ್ ಇಟ್ಟು ಪ್ರೊಸೆಸರ್, ಕೂಲರ್, ಒಂದು ರ‍್ಯಾಮ್, ಎಸ್‌ಎಂಪಿಎಸ್ ಮಾತ್ರ ಇರಲಿ. ಒಳಗೆ ಗ್ರಾಫಿಕ್ಸ್ ಇಲ್ಲದ ಪ್ರೊಸೆಸರಾದರೆ ಕಾರ್ಡೂ ಬೇಕು. ಬೋರ್ಡಿಗೆ ಚಿಕ್ಕ ಬೀಪ್ ಸ್ಪೀಕರ್ ಸಿಕ್ಕಿಸಿ ರ‍್ಯಾಮ್ ಇಲ್ಲದೆ ಆನ್ ಮಾಡಿ. ಬೀಪ್ ಬಂದರೆ ಪ್ರೊಸೆಸರಿಗೂ ಬೋರ್ಡಿಗೂ ಜೀವ ಇದೆ ಅಂತ ಅರ್ಥ. ಬೋರ್ಡಿನ ಮೇಲಿರುವ ನಾಣ್ಯದಂಥ ಸಿಆರ್2032 ಸೆಲ್ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಹಿಂದಿನ ಯಜಮಾನರು ವೇಗ ಹೆಚ್ಚಿಸಲು ಮಾಡಿಟ್ಟ ಓವರ್‌ಕ್ಲಾಕ್ ಸೆಟ್ಟಿಂಗೂ ಹೋಗುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮಾಡಿದ್ದನ್ನು ಬರೆದಿಡಿ.

ಇನ್ನು ಕ್ರ್ಯಾಶ್. ಇಲ್ಲಿ ಯಾವಾಗ ಆಗುತ್ತದೆ ಅನ್ನುವುದೇ ಮುಖ್ಯ. ವಿಂಡೋಸ್ ಲಾಗಿನಲ್ಲಿ 'ಕರ್ನಲ್ ಪವರ್ 41' ಕಂಡು ಎಸ್‌ಎಂಪಿಎಸ್ ಬದಲಿಸುವವರಿದ್ದಾರೆ. ಅದು ಹೇಳುವುದು ಪಿಸಿ ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಶುರುವಾಯಿತು ಅಂತ ಮಾತ್ರ, ಯಾಕೆ ಅಂತ ಹೇಳುವುದಿಲ್ಲ. ಸುಮ್ನೆ ಬ್ರೌಸ್ ಮಾಡುವಾಗಲೂ ನೀಲಿ ಪರದೆ ಬರುತ್ತಿದ್ದು, ಪ್ರತಿ ಸಲ ಬೇರೆ ಬೇರೆ ಎರರ್ ತೋರಿಸಿದರೆ ಬಯಾಸಿನಲ್ಲಿ ರ‍್ಯಾಮಿನ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಆಫ್ ಮಾಡಿ ರಾತ್ರಿಯಿಡೀ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಓಡಿಸಿ. ಒಂದು ಎರರ್ ಬಂದರೂ ಬಿಡಬೇಡಿ, ಒಂದೊಂದೇ ಸ್ಟಿಕ್ ಹಾಕಿ ಮತ್ತೆ ಓಡಿಸಿ. ಬಯಾಸ್ ಪರದೆಯಲ್ಲೇ ಗೆರೆ, ಚುಕ್ಕಿ ಕಂಡರೆ, ಕೇಬಲ್ ಬದಲಿಸಿದ ಮೇಲೂ ಹೋಗದಿದ್ದರೆ, ಆಗ ಕಾರ್ಡನ್ನು ಬೈಯಬಹುದು. ವಿಂಡೋಸ್ ಒಳಗೆ ಹೋದ ಮೇಲೆ ಮಾತ್ರ ಕಾಣುತ್ತದಾ? ಮೊದಲು ಹಳೇ ಡ್ರೈವರ್ ಪೂರ್ತಿ ತೆಗೆದು ಹೊಸದು ಹಾಕಿ.

ಭಾರ ಬಿದ್ದಾಗಲೇ ಆಫ್ ಆಗುವುದಾದರೆ ಬಿಸಿ ಎಷ್ಟಿದೆ ನೋಡಿ, ಪ್ರೊಸೆಸರಿಗೂ ಕೂಲರಿಗೂ ನಡುವೆ ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿ. ಬಿಸಿ ಸರಿಯಿದ್ದರೆ ಕಾರ್ಡಿನ ಪವರ್ ಲಿಮಿಟ್, ಅಂದರೆ ಅದು ಎಳೆಯುವ ಕರೆಂಟಿನ ಮಿತಿ, ಕಡಿಮೆ ಮಾಡಿ ಆಡಿ ನೋಡಿ. ಆಗ ಆಫ್ ಆಗುವುದು ನಿಂತರೆ ಎಸ್‌ಎಂಪಿಎಸ್ ಮೇಲೆ ಅನುಮಾನ ಗಟ್ಟಿ. 12 ವೋಲ್ಟ್ ಲೈನ್ 11.4ರಿಂದ 12.6ರ ಒಳಗಿರಬೇಕು, ಆದರೆ ಕ್ಷಣಮಾತ್ರದ ಕುಸಿತ ಮಲ್ಟಿಮೀಟರಿಗೆ ಸಿಗುವುದಿಲ್ಲ. ಸರಿಯಿರುವ ಇನ್ನೊಂದು ಎಸ್‌ಎಂಪಿಎಸ್ ಎರವಲು ತಂದು ಹಾಕುವುದೇ ನಂಬುವಂಥ ಪರೀಕ್ಷೆ. ಅದನ್ನು ಬಿಚ್ಚಿ ರಿಪೇರಿಗೆ ಮಾತ್ರ ಕೂರಬೇಡಿ, ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಕರೆಂಟ್ ಉಳಿದಿರುತ್ತದೆ.

ಎಸ್‌ಎಂಪಿಎಸ್ ಬದಲಿಸಿದರೂ ಹೋಗದಿದ್ದರೆ ಗೋಡೆಯ ಕಡೆ ತಿರುಗಿ. ಶರಾವತಿಯಲ್ಲಿ ಕರೆಂಟ್ ತೆಗೆಯುವ ಜಿಲ್ಲೆ ನಮ್ಮದು, ಆದರೂ ಗಾಳಿಮಳೆಗೆ ಲೈನಿನ ಮೇಲೆ ಮರ ಬಿದ್ದರೆ ಹಳ್ಳಿ ಮನೆಯಲ್ಲಿ ದೀಪ ಮಿಣುಕುತ್ತಿರುತ್ತದೆ. ಪಿಸಿ ಆಫ್ ಆದ ಕ್ಷಣ ಬಲ್ಬ್ ಮಂಕಾಯಿತಾ ಅಂತ ಗಮನಿಸಿ, ಬೇರೆ ಮನೆಯಲ್ಲಿ ಓಡಿಸಿ ನೋಡಿ, ಅರ್ಥಿಂಗ್ ಪರೀಕ್ಷೆ ಮಾಡಿಸಿ. ಮೇಲೆ ಹೇಳಿದ ಬಯಾಸ್ ಅಪ್‌ಡೇಟ್ ಅಂತೂ ಯುಪಿಎಸ್ ಇಲ್ಲದೆ ಜುಲೈ ತಿಂಗಳಲ್ಲಿ ಮಾಡಲೇಬೇಡಿ, ಅರ್ಧದಲ್ಲಿ ಕರೆಂಟ್ ಹೋದರೆ ಸರಿಯಿದ್ದ ಬೋರ್ಡೂ ಎದ್ದೇಳದೆ ಹೋಗಬಹುದು.