ಪದ ಪರಿಚಯ: ಸಂಶೋಧನೆಯಲ್ಲಿ ‘ಕಾವ್ಯ ವಿಧಾನ’

ತುಮಕೂರಿನ ಕಾಲೇಜೊಂದರ ವಿಚಾರಸಂಕಿರಣದ ಆಹ್ವಾನಪತ್ರಿಕೆ. ‘ಸಂಶೋಧನೆಯಲ್ಲಿ ಕಾವ್ಯ ವಿಧಾನ’ ಎಂದು ದಪ್ಪಕ್ಷರ, ಕೆಳಗಿನ ಉಪವಿಷಯಗಳೆಲ್ಲ ಛಂದಸ್ಸು, ರಸ, ವಚನಗಳಲ್ಲಿ ಸಾಮಾಜಿಕ ಪ್ರಜ್ಞೆ. ಮತ್ತೆ ಅದೇ ಗೊಂದಲ! ಅಲ್ಲೆಲ್ಲ ಕಾವ್ಯವೇ ಅಧ್ಯಯನದ ವಸ್ತು. ಕಾವ್ಯ ವಿಧಾನದಲ್ಲಿ ವಸ್ತು ಬೇರೆ ಇರುತ್ತದೆ, ಕೂಲಿಯೋ ಕಾಯಿಲೆಯೋ ವಲಸೆಯೋ. ಪದ್ಯ ಅದನ್ನು ವಿಶ್ಲೇಷಿಸುವ ಸಾಧನ. ಇನ್ನು ಪ್ರತಿ ಅಧ್ಯಾಯದ ನೆತ್ತಿಗೊಂದು ವಚನ ಅಂಟಿಸಿ ‘ಗುಣಾತ್ಮಕ ವಿಧಾನ’ (ಅಂಕಿಗಿಂತ ಮಾತು, ಅನುಭವಗಳನ್ನು ನೆಚ್ಚುವ ಸಂಶೋಧನೆ) ಅನ್ನುವವರೂ ಇದ್ದಾರೆ. ಅದು ಅಲಂಕಾರ, ಕಿತ್ತರೂ ಪ್ರಬಂಧಕ್ಕೆ ಏನೂ ಆಗುವುದಿಲ್ಲ.

ಅಮೆರಿಕದ ಸಮಾಜಶಾಸ್ತ್ರಜ್ಞೆ ಲಾರೆಲ್ ರಿಚರ್ಡ್‌ಸನ್ ಮದುವೆಯಾಗದೆ ತಾಯಿಯಾದ ಒಬ್ಬ ಹೆಂಗಸಿನ ಸಂದರ್ಶನವನ್ನು ಆಕೆಯದೇ ಮಾತುಗಳಲ್ಲಿ ಪದ್ಯವಾಗಿ ಕಟ್ಟಿ, ಅದರ ಬಗ್ಗೆ 1992ರಲ್ಲಿ ಬರೆದರು. ಜನ ತಡೆದು ತಡೆದು, ಹೇಳಿದ್ದನ್ನೇ ಮತ್ತೆ ಹೇಳುತ್ತಾ ಮಾತಾಡುತ್ತಾರೆ. ಅದನ್ನು ನೀಟಾದ ಗದ್ಯ ಮಾಡುವುದೂ ತಿದ್ದುವಿಕೆಯೇ ಎಂಬುದು ಅವರ ವಾದ. 1997ರಲ್ಲಿ ಶಿಕ್ಷಣ ಸಂಶೋಧಕಿ ಕೊರಿನ್ ಗ್ಲೆಸ್ನ್ ಇದಕ್ಕೆ ಕಟ್ಟುಪಾಡು ಹಾಕಿಕೊಂಡರು: ಪದಗಳು ಮಾತಾಡಿದವರವೇ ಆಗಿರಬೇಕು, ಸಂದರ್ಶನದ ಎಲ್ಲಿಂದ ಬೇಕಾದರೂ ಆಯಬಹುದು, ಮಾತಿನ ಲಯ ಕೆಡಬಾರದು. ಸಂಶೋಧಕರು ತಮ್ಮದೇ ಅನುಭವವನ್ನು ಪದ್ಯವಾಗಿಸುವ ಬಗೆಯೂ ಉಂಟು. ನಮ್ಮಲ್ಲಿ ಎಲ್ಲರಿಗೂ ಮೊದಲು ಅದೇ ಬೇಕು, ಸುಲಭ ನೋಡಿ.

ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನಿಂದ ನೂಲು ತೆಗೆಯುವ ರೀಲಿಂಗ್ ಘಟಕವೊಂದರ ಕೆಲಸಗಾರ್ತಿಯ ಮಾತು ಎಂದು ಊಹಿಸಿಕೊಳ್ಳಿ. ಶುರುವಿನಲ್ಲಿ: ‘ನೀರು ಕಾದಿರ್ತದೆ, ಕೈ ಹಾಕ್ಲೇಬೇಕು, ಹಾಕ್ದಿದ್ರೆ ಎಳೆ ಸಿಗಲ್ಲ.’ ಅರ್ಧ ಗಂಟೆಯ ಮೇಲೆ, ಬೇರೇನೋ ಕೇಳಿದಾಗ: ‘ರೇಷನ್ ಅಂಗಡೀಲಿ ಹೆಬ್ಬೆಟ್ಟು ಇಟ್ಟೆ, ಮಿಷಿನ್ ತಗೊಳ್ಳಲ್ಲ ಅಂದ್ರು.’ ಇವೆರಡನ್ನೂ ಪದ್ಯವಾಗಿ ಕಟ್ಟಿದರೆ:

ನೀರು ಕಾದಿರ್ತದೆ
ಕೈ ಹಾಕ್ಲೇಬೇಕು
ಹಾಕ್ದಿದ್ರೆ
ಎಳೆ ಸಿಗಲ್ಲ

ರೇಷನ್ ಅಂಗಡೀಲಿ
ಹೆಬ್ಬೆಟ್ಟು ಇಟ್ಟೆ
ಮಿಷಿನ್ ತಗೊಳ್ಳಲ್ಲ ಅಂದ್ರು

ಕೈ ಹಾಕ್ಲೇಬೇಕು

ಒಂದು ಪದವೂ ಹೊರಗಿನದಲ್ಲ. ಆದರೆ ದೂರವಿದ್ದ ಎರಡು ಮಾತನ್ನು ಪಕ್ಕ ಕೂರಿಸಿ, ಒಂದು ಸಾಲನ್ನು ಕೊನೆಗೆ ಮತ್ತೆ ತಂದದ್ದು ಸಂಶೋಧಕರ ತೀರ್ಮಾನ. ಸುಡುನೀರಿಗೂ ಗೆರೆ ಅಳಿಸಿದ ಹೆಬ್ಬೆಟ್ಟಿಗೂ ನಂಟಿದೆ, ಆದರೂ ಆಕೆಗೆ ಬೇರೆ ದಾರಿಯಿಲ್ಲ ಎಂಬ ವಾದ ಅದರಲ್ಲಿದೆ. ಆಕೆ ಆ ನಂಟನ್ನು ಹೇಳಿಯೇ ಇಲ್ಲ. ಹಾಗಾಗಿ ಪದ್ಯವನ್ನು ಆಕೆಗೆ ಓದಿ ಹೇಳಿ, ಹೌದೋ ಅಲ್ಲವೋ ಕೇಳಬೇಕು. ಮೂಲ ಸಂದರ್ಶನ ಪರೀಕ್ಷಕರಿಗೆ ಸಿಗುವಂತಿರಬೇಕು. ಇದರ ನಡುವೆ ‘ಬೆಂದ ಬೆರಳುಗಳ ಮೌನರಾಗ’ ಎಂದು ಒಂದು ಸಾಲು ತುರುಕಿದರೆ ಕೆಲಸ ಕೆಟ್ಟಿತು. ಆ ಮೌನರಾಗ ಆಕೆಯದಲ್ಲ, ಕವಿಗೋಷ್ಠಿಯದು.

ಎಲ್ಲದಕ್ಕೂ ಇದು ಒಗ್ಗುವುದಿಲ್ಲ ಅನ್ನುವುದನ್ನೂ ಹೇಳಬೇಕೇ? ಕೋಲಾರದ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ತಿಳಿಯಲು ಲ್ಯಾಬಿಗೇ ಹೋಗಬೇಕು. ಆ ನೀರು ಕುಡಿದು ಮಂಡಿ ಮಡಿಸಲಾಗದವರು ದಿನ ದೂಡುವುದು ಹೇಗೆ ಎಂಬುದಾದರೆ ಪದ್ಯಕ್ಕೆ ಕೆಲಸವಿದೆ.

ನಮ್ಮ ಕಡೆಗೆ ಇನ್ನೊಂದು ತೊಡಕು. ಚಿಕ್ಕಬಳ್ಳಾಪುರ, ಕೋಲಾರದ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ತೆಲುಗಿನಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಂದು, ಆಮೇಲೆ ಸಾಲು ಮುರಿದು, ‘ಅವರದೇ ಪದಗಳು’ ಎಂದು ಬರೆಯುವಂತಿಲ್ಲ. ತೆಲುಗನ್ನು ಕನ್ನಡ ಲಿಪಿಯಲ್ಲೇ ಉಳಿಸಿ, ಪಕ್ಕದಲ್ಲಿ ಅರ್ಥ ಕೊಡಿ. ಪುಟ ಜಾಸ್ತಿಯಾದರೆ ಆಗಲಿ.