ಊಹಾಪೋಹ ಅಂದರೆ ಗಾಳಿಮಾತಲ್ಲ

"ಮಾವ, ಅದನ್ನ ಊಹಾಪೋಹ ಅನ್ಬೇಡಿ. ಅದು ಥಿಯರಿ."

ಹಾಸನದಲ್ಲಿ ಎಂಜಿನಿಯರಿಂಗ್ ಓದುವ ನನ್ನ ಸೋದರಳಿಯ ಹೋದ ವಾರ ಹೀಗೆ ನನ್ನನ್ನು ತಿದ್ದಿದ. ಮಾತು ನಡೆದಿದ್ದು ಮಾಸ್ ಎಫೆಕ್ಟ್ 3 ಅನ್ನುವ ವಿಡಿಯೋ ಗೇಮಿನ ಕೊನೆಯ ಬಗ್ಗೆ. ಅದೇ ವಾರ ಯಾರೋ ಫ್ಯಾನ್ ಥಿಯರಿಗೆ (ಕಥೆಯ ಒಳಗುಟ್ಟು ಹೀಗಿರಬಹುದು ಅಂತ ಅಭಿಮಾನಿಗಳೇ ಕಟ್ಟುವ ವಾದಕ್ಕೆ) 'ಅಭಿಮಾನಿ ಸಿದ್ಧಾಂತ' ಅಂತ ಬರೆದಿದ್ದನ್ನು ಓದಿದ್ದೆ. ಟಿವಿಯಲ್ಲಂತೂ ದಿನಾ ಯಾರದೋ ಮದುವೆಯ, ಯಾರದೋ ರಾಜೀನಾಮೆಯ 'ಊಹಾಪೋಹಗಳಿಗೆ ತೆರೆ' ಬೀಳುತ್ತಲೇ ಇರುತ್ತದೆ. ಸಾಕಾಯಿತು.

ಊಹಾಪೋಹವನ್ನು ಊಹೆ, ಪೋಹ ಅಂತ ಒಡೆಯುವವರಿದ್ದಾರೆ. ಪೋಹ ಅಂದರೆ ಅವಲಕ್ಕಿ. ಅದು ಇಲ್ಲಿಗೆ ಯಾಕೆ ಬಂತು ಅಂತ ಅವರು ಕೇಳಿಕೊಳ್ಳುವುದಿಲ್ಲ. ಸರಿಯಾಗಿ ಒಡೆದರೆ ಸಿಗುವುದು ಊಹ ಮತ್ತು ಅಪೋಹ. ಶಾಲೆಯಲ್ಲಿ ಕಲಿತ ಸವರ್ಣದೀರ್ಘ ಸಂಧಿ, ಅಷ್ಟೇ. ಎರಡರ ಒಳಗೂ ಇರುವುದು ಒಂದೇ ಸಂಸ್ಕೃತ ಧಾತು, ಎರಡನೆಯದಕ್ಕೆ ಮಾತ್ರ ಮುಂದೆ 'ಅಪ' ಸೇರಿದೆ. ಊಹ ಅಂದರೆ ಹೀಗಿರಬಹುದು ಅಂತ ಯೋಚಿಸುವುದು. ಅಪೋಹ ಅಂದರೆ ಹೀಗಿರಲಾರದು ಅಂತ ತಳ್ಳಿಹಾಕುವುದು. ಎರಡನ್ನೂ ಮಾಡಿದರೆ ಮಾತ್ರ ಊಹಾಪೋಹ. ಅಂದರೆ ಗಾಳಿಮಾತಿಗೆ ಪೂರ್ತಿ ಉಲ್ಟಾ.

ಬುದ್ಧಿಯ ಎಂಟು ಗುಣಗಳನ್ನು ಎಣಿಸುವ ಹಳೆಯ ಸಂಸ್ಕೃತ ಶ್ಲೋಕವೊಂದಿದೆ. ಶುಶ್ರೂಷೆ, ಶ್ರವಣ, ಗ್ರಹಣ, ಧಾರಣ ಆದಮೇಲೆ ಊಹ, ಅಪೋಹ ಬರುತ್ತವೆ, ಅವೆರಡೂ ದಾಟಿದ ಮೇಲೆಯೇ ಅರ್ಥವಿಜ್ಞಾನ, ತತ್ತ್ವಜ್ಞಾನ. ಬುದ್ಧಿಯ ಲಕ್ಷಣ ಅಂತ ಎಣಿಸಿದ್ದ ಜೋಡಿಯನ್ನು ನಾವು ಬುದ್ಧಿ ಇಲ್ಲದವರ ಹರಟೆಗೆ ಹೆಸರಾಗಿ ಇಟ್ಟುಬಿಟ್ಟೆವು. (ಆ ಪಟ್ಟಿಯ ಶುಶ್ರೂಷೆಯೂ ಆಸ್ಪತ್ರೆಯದ್ದಲ್ಲ. ಕೇಳಬೇಕು ಅನ್ನುವ ಆಸೆ ಅಂತ ಅದರ ಮೂಲ ಅರ್ಥ. ಅದರ ಜಗಳ ಇನ್ನೊಂದು ದಿನ.)

ಚಿಕ್ಕಮಗಳೂರಿನ ಕಡೆ ತೋಟ ಇರುವ ನಮ್ಮ ದೊಡ್ಡಪ್ಪ ಈ ಪದ ಬಳಸಿದ್ದು ನಾನು ಕೇಳಿಲ್ಲ, ಆದರೆ ಕೆಲಸ ಮಾಡಿದ್ದು ನೋಡಿದ್ದೇನೆ. ಅರೇಬಿಕಾ ಕಾಫಿ ಗಿಡದ ಎಲೆ ಹಳದಿಯಾಗಿ ಬಾಡಿದರೆ 'ಬೋರರ್ ಇರಬೇಕು' ಅನ್ನುತ್ತಾರೆ. ಇದು ಊಹ. ಆಮೇಲೆ ಬಗ್ಗಿ ಕಾಂಡವನ್ನು ಕೈಯಲ್ಲಿ ಸವರುತ್ತಾರೆ. ಬೋರರ್ ಹುಳ ಒಳಗೆ ಕೊರೆದಿದ್ದರೆ ಸಾಮಾನ್ಯವಾಗಿ ತೊಗಟೆ ಸುತ್ತ ಏಣಿನ ಹಾಗೆ ಉಬ್ಬಿರುತ್ತದೆ. ಉಬ್ಬು ಸಿಗಲಿಲ್ಲವೋ, 'ಬೋರರ್ ಅಲ್ಲ ಬಿಡು, ಬೇರು ನೋಡೋಣ.' ಇದು ಅಪೋಹ. ಎರಡು ನಿಮಿಷದಲ್ಲಿ ಮುಗಿಯುತ್ತದೆ. ತಾನು ಅಂದಿದ್ದು ತಪ್ಪಾಯಿತು ಅನ್ನುವ ಬೇಜಾರೂ ಇರುವುದಿಲ್ಲ.

ಈಗ ಗೇಮಿಗೆ ಬರೋಣ. ಕೆನಡಾದ ಬಯೋವೇರ್ ಮಾಡಿದ ಈ ಮೂರನೇ ಭಾಗ ಬಂದಿದ್ದು 2012ರ ಮಾರ್ಚ್‌ನಲ್ಲಿ. 2007ರ ಮೊದಲ ಭಾಗದಿಂದ ನೀವು ಯಾರನ್ನು ಉಳಿಸಿದಿರಿ, ಯಾರನ್ನು ಕೈಬಿಟ್ಟಿರಿ ಅನ್ನುವುದೆಲ್ಲ ಜೊತೆಗೇ ಬರುತ್ತದೆ, ಕೊನೆಗೆ ಮಾತ್ರ ಮೂರೇ ದಾರಿ: ರೀಪರ್ ಅನ್ನುವ ಯಂತ್ರಗಳನ್ನು ನಾಶ ಮಾಡು, ಇಲ್ಲ ಹತೋಟಿಗೆ ತಗೋ, ಇಲ್ಲ ಯಂತ್ರವನ್ನೂ ಜೀವಿಗಳನ್ನೂ ಬೆಸೆದುಬಿಡು. ಕೆಂಪು, ನೀಲಿ, ಹಸಿರು. ದೃಶ್ಯ ಹೆಚ್ಚುಕಡಿಮೆ ಅದೇ, ಬೆಳಕಿನ ಬಣ್ಣ ಬೇರೆ. ಸಿಟ್ಟಾದ ಅಭಿಮಾನಿಗಳು ಬಯೋವೇರ್ ಕಚೇರಿಗೆ ಸುಮಾರು 400 ಕಪ್‌ಕೇಕ್ ಕಳಿಸಿದರು. ಮೇಲೆ ಮೂರು ಬಣ್ಣ, ಒಳಗೆ ಒಂದೇ ರುಚಿ. ಇದಕ್ಕಿಂತ ಚೆನ್ನಾದ ವಿಮರ್ಶೆ ಆ ಗೇಮಿಗೆ ಬಂದಿಲ್ಲ ಅಂತ ನನ್ನ ಅಭಿಪ್ರಾಯ.

ಈ ಕೊನೆಯ ಬಗ್ಗೆ ಹುಟ್ಟಿದ ಥಿಯರಿಗಳಲ್ಲಿ ದೊಡ್ಡದು ಇನ್‌ಡಾಕ್ಟ್ರಿನೇಷನ್ ಥಿಯರಿ. ರೀಪರ್‌ಗಳು ಎದುರಾಳಿಯ ಮನಸ್ಸನ್ನು ನಿಧಾನಕ್ಕೆ ವಶ ಮಾಡಿಕೊಳ್ಳುತ್ತವೆ. ಮೊದಲ ಭಾಗದ ಖಳನಾಯಕ ಸಾರೆನ್ ಹಾಗೇ ಹಾಳಾದವನು. ನಾವು ಆಡಿಸುವ ಮುಖ್ಯ ಪಾತ್ರ ಕಮಾಂಡರ್ ಶೆಪರ್ಡ್ ಕೂಡ ವಶವಾಗುತ್ತಿದ್ದಾಳೆ (ಅಳಿಯ ಆಡಿದ್ದು ಹೆಣ್ಣು ಶೆಪರ್ಡ್), ಲಂಡನ್ನಿನಲ್ಲಿ ಹಾರ್ಬಿಂಜರ್ ಅನ್ನುವ ರೀಪರ್ ಬಿಟ್ಟ ಕಿರಣ ಬಡಿದ ಮೇಲೆ ನಡೆಯುವುದೆಲ್ಲ ಅವಳ ತಲೆಯೊಳಗೆ ಅನ್ನುವುದು ವಾದ. ಸಾಕ್ಷಿಗಳೂ ಇವೆ. ಕನಸುಗಳಲ್ಲಿ ಕಪ್ಪು ನೆರಳುಗಳು. ಅವಳೊಬ್ಬಳನ್ನು ಬಿಟ್ಟು ಯಾರೂ ಮಾತಾಡಿಸದ ಒಬ್ಬ ಹುಡುಗ. ಸೈನ್ಯ ಸಾಕಷ್ಟು ಕಟ್ಟಿಕೊಂಡು ಕೆಂಪನ್ನು ಆರಿಸಿದರೆ, ಕೊನೆಯಲ್ಲಿ ಅವಶೇಷಗಳ ನಡುವೆ ಅವಳ ಒಂದು ಉಸಿರು. ಊಹ ಅನ್ನುವ ಅರ್ಧದಲ್ಲಿ ಇದಕ್ಕೆ ನೂರಕ್ಕೆ ನೂರು ಕೊಡುತ್ತೇನೆ. ನನಗೂ ಇಷ್ಟ.

ತೊಂದರೆ ಇನ್ನರ್ಧದಲ್ಲಿ. ನಿಜವಾದ ಕೊನೆಯನ್ನು ಬಯೋವೇರ್ ಬಚ್ಚಿಟ್ಟಿದೆ, ಆಮೇಲೆ ಬಿಡುತ್ತದೆ ಅಂತ ಎಷ್ಟೋ ಜನ ಕಾದರು. 2012ರ ಜೂನ್ 26ಕ್ಕೆ ಎಕ್ಸ್‌ಟೆಂಡೆಡ್ ಕಟ್ ಅನ್ನುವ ಹೆಚ್ಚುವರಿ ಭಾಗ ಪುಕ್ಕಟೆಯಾಗಿ ಬಂತು. ಅದರಲ್ಲಿ ಅವೇ ಮೂರು ಕೊನೆಗಳು, ಆಮೇಲೆ ಲೋಕ ಏನಾಯಿತು ಅನ್ನುವ ವಿವರಗಳ ಜೊತೆ. ಮೂರನ್ನೂ ಒಪ್ಪದೆ ಇರುವ ನಾಲ್ಕನೇ ದಾರಿಯೂ ಸೇರಿತು. ಕನಸಿನಿಂದ ಮಾತ್ರ ಯಾರೂ ಎದ್ದು ಕೂರಲಿಲ್ಲ. ಅಂದರೆ ಕಾಂಡ ಸವರಿಯಾಯಿತು, ಉಬ್ಬು ಸಿಗಲಿಲ್ಲ. ಅಳಿಯನಿಗೆ ಇದನ್ನೇ ಹೇಳಿದೆ. "ಅದೂ ಭ್ರಮೆಯ ಭಾಗವೇ ಇರಬಹುದಲ್ವಾ ಮಾವ" ಅಂದ. "ಹಾಗಾದರೆ ಏನು ಕಂಡರೆ ಈ ಊಹೆ ಬಿಡ್ತೀಯ?" ಅಂದೆ. ಸುಮ್ನೆ ನಕ್ಕ.

ಇದಕ್ಕೆ ಸಿದ್ಧಾಂತ ಅನ್ನುವವರಿಗೆ ಒಂದೇ ಮಾತು. ಸಿದ್ಧಾಂತ ಅಂದರೆ ಸಿದ್ಧವಾದ ಅಂತ, ವಾದ ಎಲ್ಲ ಮುಗಿದ ಮೇಲೆ ನಿಲ್ಲುವ ಕೊನೆ. ಕೊನೆಯನ್ನೇ ಒಪ್ಪದವರ ವಾದಕ್ಕೆ ಆ ಹೆಸರು ಇಡುವುದು ತಮಾಷೆ. ಫ್ಯಾನ್ ಥಿಯರಿ ಅಂತಲೇ ಅನ್ನಿ, ಕನ್ನಡದಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಥಿಯರಿಗೂ ಥಿಯೇಟರಿಗೂ ಗ್ರೀಕ್‌ನಲ್ಲಿ ಒಂದೇ ಬೇರು, 'ನೋಡುವುದು'. ನೋಡುವವನ ಮಾತು ಅನ್ನುವಷ್ಟಕ್ಕೆ ಸರಿಯಾಗಿದೆ. ಊಹಾಪೋಹ ಅನ್ನಬೇಕಾದರೆ ಮಾತ್ರ ಅಪೋಹವನ್ನೂ ಮಾಡಿರಬೇಕು.

ಇಷ್ಟನ್ನೂ ಅಳಿಯನಿಗೆ ಫೋನಿನಲ್ಲಿ ವಿವರಿಸಿದೆ. "ಹಾಗಾದ್ರೆ ಮೊದಲು ನೀವು ಊಹಾಪೋಹ ಅಂದಿದ್ದು ಹೊಗಳಿಕೆನಾ?" ಅಂತ ಕೇಳಿದ.

ಅಲ್ಲ. ಆಗ ನಾನೂ ಗಾಳಿಮಾತು ಅನ್ನುವ ಅರ್ಥದಲ್ಲೇ ಅಂದಿದ್ದು.